ಮೊದಲ ತುತ್ತು ಯಾವುದು?

ಸ್ಥೂಲಕಾಯ ಇಳಿಸುವ ‘ಸ್ಲೀವ್’ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಾಕಾರದ ಸಣ್ಣ ಚೀಲ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ, ತೂಕ ಇಳಿಯುತ್ತದೆ. ಆದರೆ ಕರಗುವುದು ಕೊಬ್ಬು ಮಾತ್ರವೇ? ಅಲ್ಲ. ಕೊಬ್ಬನ್ನು ಕೂಡಿಡುವಂತೆ ದೇಹ ಪ್ರೋಟೀನನ್ನು ಕೂಡಿಡಲಾರದು. ಆಹಾರದಲ್ಲಿ ಅದು ಸಾಲದಾದರೆ ಸ್ನಾಯುಗಳನ್ನೇ ಒಡೆದು ಬಳಸಿಕೊಳ್ಳುತ್ತದೆ. ಆಗ ಮೈ ಬಲಗುಂದುತ್ತದೆ, ಕೂದಲೂ ಉದುರಬಹುದು.

ಇಂಥವರಿಗೆ ದಿನಕ್ಕೆ ಸಾಮಾನ್ಯವಾಗಿ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಕೋಳಿಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ; ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅನ್ನವನ್ನೇ ಮೊದಲು ಉಂಡರೆ ಬೇಳೆಗೆ ಜಾಗವಿರದು. ಆದ್ದರಿಂದ ಮೊಟ್ಟೆ, ಮೀನು, ಪನೀರ್, ಗಟ್ಟಿ ಬೇಳೆ ಮೊದಲು; ಅನ್ನ, ಮುದ್ದೆ ಆಮೇಲೆ. ಸಾಲದಿದ್ದರೆ ವೈದ್ಯರು ಹೇಳಿದ ಪ್ರೋಟೀನ್ ಪುಡಿ. “ಇನ್ನೊಂದು ತುತ್ತು” ಎಂದು ಮನೆಯವರು ಒತ್ತಾಯಿಸುವುದು ಪ್ರೀತಿಯಿಂದಲೇ. ಆ ತುತ್ತು ಬೇಳೆಯದಾಗಿರಲಿ.