ಅವ್ವನ ಟ್ರಂಕಿನ ಹದಿನಾಲ್ಕು ಸೀರೆಗಳು

ಅವ್ವ ತೀರಿಕೊಂಡು ವರ್ಷ ತುಂಬಿದ ಮೇಲೆ, ಕಳೆದ ಬೇಸಿಗೆಯಲ್ಲಿ, ಯಲಬುರ್ಗಾದ ಮನೆಯ ಪಡಸಾಲೆಯಲ್ಲಿ ಕುಳಿತು ಆಕೆಯ ಟ್ರಂಕನ್ನು ತೆರೆದೆವು. ಗಂಗಾವತಿಯಿಂದ ಅಕ್ಕ ಬಂದಿದ್ದಳು, ಕೊಪ್ಪಳದಿಂದ ನಾನು ಹೋಗಿದ್ದೆ. ಮನೆಯಲ್ಲೇ ಇರುವ ತಮ್ಮನ ಹೆಂಡತಿ ಕೀಲಿಕೈ ತಂದುಕೊಟ್ಟಳು. ಒಟ್ಟು 14 ಸೀರೆಗಳಿದ್ದವು: ಎಂಟು ಇಳಕಲ್, ಎರಡು ಧರ್ಮಾವರಂ ರೇಷ್ಮೆ, ನಾಲ್ಕು ಪಾಲಿಯೆಸ್ಟರ್. ಎಂಬತ್ತು ದಾಟಿ ಬದುಕಿದ ಹೆಣ್ಣುಮಗಳೊಬ್ಬಳ ಬಟ್ಟೆಬರೆಯೆಲ್ಲ ಇಷ್ಟೇ. ನನ್ನ ಕಪಾಟಿನಲ್ಲಿ ಎಷ್ಟಿವೆ ಎಂದು ಎಣಿಸುವ ಧೈರ್ಯವನ್ನು ನಾನು ಇನ್ನೂ ಮಾಡಿಲ್ಲ.

ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಎದುರಾದದ್ದೇ ಆಗ. ಅಕ್ಕನಿಗೆ ಎಲ್ಲವೂ ಇದ್ದ ಹಾಗೆಯೇ ಇರಬೇಕು ಎಂಬ ಹಟ. ತಮ್ಮನ ಹೆಂಡತಿ ಮಾತ್ರ ಮೆಲ್ಲಗೆ ಹೇಳಿದಳು: ‘ವೈನೀ, ಅತ್ತಿಯಾರು ಕೌದಿ ಹೊಲಸ್ರಿ ಅಂತ ನನಗ ಎರಡು ಸಲ ಹೇಳಿದ್ರು.’ ಅವ್ವನ ಸೀರೆಗೆ ಕತ್ತರಿ ಹಾಕುವುದೆಂದರೆ! ಅಕ್ಕ ಎದ್ದು ಅಡುಗೆಮನೆಗೆ ಹೋಗಿಬಿಟ್ಟಳು. ಆ ಮಧ್ಯಾಹ್ನ ಮಾತು ಮುಂದುವರಿಯಲಿಲ್ಲ.

ಟ್ರಂಕಿನ ತಳದಿಂದ ಮೇಲಕ್ಕೆ ನೋಡುತ್ತ ಬಂದರೆ ಅದೊಂದು ಬಗೆಯ ದಿನಚರಿಯೇ ಆಗಿತ್ತು. ಎಲ್ಲಕ್ಕಿಂತ ಕೆಳಗೆ ಮದುವೆಯ ಕಪ್ಪು ಚಂದ್ರಕಾಳಿ, ಮೈತುಂಬ ಕಸೂತಿ. ಅವ್ವನ ತವರು ಕುಷ್ಟಗಿ. ಅಲ್ಲಿಂದ ಇಳಕಲ್ಲಿಗೆ ಒಂದು ತಾಸಿನ ಹಾದಿಯೂ ಅಲ್ಲ. ಇಂದು ಕುಷ್ಟಗಿ ಕೊಪ್ಪಳ ಜಿಲ್ಲೆಯಲ್ಲಿದೆ, ಇಳಕಲ್ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅವ್ವ ಹುಟ್ಟಿದ ಕಾಲಕ್ಕೆ ಒಂದು ನಿಜಾಮರ ಸೀಮೆ, ಇನ್ನೊಂದು ಮುಂಬಯಿ ಇಲಾಖೆ. ಗಡಿ ಏನೇ ಇರಲಿ, ಸೀರೆಗೆ ಮಾತ್ರ ಗಡಿಯಿರಲಿಲ್ಲ. ಕುಷ್ಟಗಿ, ಯಲಬುರ್ಗಾದ ಎರೆಹೊಲಗಳಲ್ಲಿ ಕಳೆ ತೆಗೆಯುವವಳೂ ಇಳಕಲ್ ಉಡುತ್ತಿದ್ದಳು, ಗೌಡರ ಮನೆಯಾಕೆಯೂ ಅದನ್ನೇ ಉಡುತ್ತಿದ್ದಳು. ಭೇದವೆಲ್ಲ ನೂಲಿನಲ್ಲಿ, ದಡಿಯಲ್ಲಿ, ಸೆರಗಿನ ರೇಷ್ಮೆಯಲ್ಲಿ.

ಈ ಸೀರೆಯ ರಚನೆಯನ್ನು ಒಮ್ಮೆ ಗಮನಿಸಿದವರು ಮರೆಯಲಾರರು. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಹಾಸೂ ಬೇರೆಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಯೊಂದಿಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ನೆಯ್ಗೆಗಿಂತ ಮೊದಲೇ ನಡೆಯುವ ಈ ಕೆಲಸವನ್ನು ಹೆಚ್ಚಾಗಿ ಮನೆಯ ಹೆಂಗಸರೇ ಮಾಡುತ್ತಿದ್ದರು. ಕೆಂಪು ಸೆರಗಿನ ಮೇಲೆ ಬಿಳಿಯ ‘ಟೋಪ ತೆನಿ’. ಗುಡಿಯ ಗೋಪುರ ಎನ್ನುವವರಿಗೆ ಗೋಪುರ, ಜೋಳದ ತೆನೆ ಎನ್ನುವವರಿಗೆ ತೆನೆ. ದಡಿಗಳಿಗೆ ಗೋಮಿ, ಪರಾಸ, ಗಾಡಿ ಎಂಬ ಹೆಸರುಗಳು. ಹೊಲದ ಬೆವರನ್ನು ಹೀರುವ ಹತ್ತಿಯೂ ಬೇಕು, ತಲೆಯ ಮೇಲೆ ಹೊದ್ದಾಗ ಮುಖಕ್ಕೆ ಒಪ್ಪುವ ರೇಷ್ಮೆಯೂ ಬೇಕು ಎಂಬ ಎರಡು ಆಸೆಗಳನ್ನು ಒಂದೇ ಬಟ್ಟೆಯಲ್ಲಿ ಹೊಂದಿಸಿದ ನೇಕಾರರ ಜಾಣ್ಮೆಗೆ ತಲೆಬಾಗಲೇಬೇಕು.

ಚಂದ್ರಕಾಳಿಯ ಮೇಲೆ ಇದ್ದುದು ಪಾಲಿಯೆಸ್ಟರ್. ಎಪ್ಪತ್ತರ ದಶಕದಲ್ಲಿ ಅಪ್ಪನಿಗೆ ಗಂಗಾವತಿಗೆ ವರ್ಗವಾಯಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ನಂತರ ಗಂಗಾವತಿ ಬೇರೆಯೇ ಲೋಕವಾಗಿತ್ತು. ಬತ್ತದ ಗದ್ದೆ, ಅಕ್ಕಿ ಗಿರಣಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಕೈಯಲ್ಲಿ ರೊಕ್ಕ. ಹೂವಿನ ಅಚ್ಚು ಹಾಕಿದ ತೆಳು ಸೀರೆಗಳು ಅಲ್ಲಿನ ಅಂಗಡಿಗಳಲ್ಲಿ ಗಾಳಿಗೆ ಹಾರಾಡುತ್ತಿದ್ದವು. ಒಗೆದರೆ ಅರ್ಧ ತಾಸಿನಲ್ಲಿ ಒಣಗುತ್ತವೆ, ಇಸ್ತ್ರಿ ಬೇಕಿಲ್ಲ, ಬಣ್ಣ ಬಿಡುವುದಿಲ್ಲ. ಮೂವರು ಮಕ್ಕಳ ತಾಯಿಗೆ ಇದಕ್ಕಿಂತ ದೊಡ್ಡ ವರ ಯಾವುದು? ಮನೆಯಲ್ಲಿದ್ದ ಮೂರು ಇಳಕಲ್ ಸೀರೆಗಳನ್ನು ಅವ್ವ ಹಳೆಬಟ್ಟೆಗೆ ಪಾತ್ರೆ ಮಾರುವವಳಿಗೆ ಕೊಟ್ಟು ಒಂದು ಸ್ಟೀಲಿನ ಕೊಡ ತೆಗೆದುಕೊಂಡಳು. ಬಹಳ ಸಂತೋಷದಿಂದಲೇ ತೆಗೆದುಕೊಂಡಳು. ಹಳೆಯದರ ಬಗೆಗೆ ಹಲುಬುವ ನಮ್ಮಂಥವರು ಇದನ್ನು ನೆನಪಿಡುವುದು ಒಳ್ಳೆಯದು. ಆ ಕೊಡ ಈಗಲೂ ಇದೆ.

ಅಪ್ಪ ನಿವೃತ್ತರಾಗಿ ಯಲಬುರ್ಗಾಕ್ಕೆ ಮರಳಿದ ಮೇಲೆ ಅವ್ವ ಮತ್ತೆ ಇಳಕಲ್ ಉಡತೊಡಗಿದಳು. ಯಾರೂ ಹೇಳಿರಲಿಲ್ಲ. ‘ಆ ಸೀರಿ ಜಾರತಾವ, ಈ ವಯಸ್ಸಿನ್ಯಾಗ ಹಿಡಕೊಂತ ಓಡಾಡಾಕ ಆಗಂಗಿಲ್ಲ’ ಎಂಬುದಷ್ಟೇ ಆಕೆಯ ಕಾರಣ. ನಮ್ಮ ಅಭಿರುಚಿ ಬದಲಾಯಿತು ಎಂದು ನಾವು ದೊಡ್ಡ ಮಾತಿನಲ್ಲಿ ಹೇಳಿಕೊಳ್ಳುತ್ತೇವೆ. ಆದರೆ ಆ ಬದಲಾವಣೆಯಲ್ಲಿ ಕಾಲುವೆಯ ಪಾಲೆಷ್ಟು, ವರ್ಗಾವಣೆಯ ಪಾಲೆಷ್ಟು, ಮೊಣಕಾಲಿನ ನೋವಿನ ಪಾಲೆಷ್ಟು ಎಂದು ಲೆಕ್ಕ ಹಾಕಿದರೆ ಅಭಿರುಚಿಯ ಪಾಲಿಗೆ ಉಳಿಯುವುದು ಬಹಳ ಕಡಿಮೆ.

ಗಂಡಸರ ಬಟ್ಟೆಯ ಕಥೆ ಇನ್ನೂ ವಿಚಿತ್ರ. ನಿಜಾಮರ ಆಳ್ವಿಕೆಯಲ್ಲಿ ಕಚೇರಿ, ಕೋರ್ಟುಗಳ ಮೆಟ್ಟಿಲು ಹತ್ತುವವರಿಗೆ ಶೇರ್ವಾನಿಯೇ ಮರ್ಯಾದೆಯ ಉಡುಪು. ನಮ್ಮ ಅಜ್ಜ ರಾಯಚೂರಿಗೆ ಕೋರ್ಟಿನ ಕೆಲಸಕ್ಕೆ ಹೋಗುವಾಗ ತೊಡುತ್ತಿದ್ದ ಕರಿಯ ಶೇರ್ವಾನಿಯೊಂದು ಮನೆಯಲ್ಲಿತ್ತಂತೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಅದೇ ಬಟ್ಟೆ ಮುಜುಗರದ ವಸ್ತುವಾಯಿತು. ಅಜ್ಜ ದೋತರ, ನೆಹರೂ ಶರ್ಟು, ಬಿಳಿ ಟೊಪ್ಪಿಗೆಗೆ ಬಂದ. ಶೇರ್ವಾನಿಯನ್ನು ಬಿಚ್ಚಿಸಿ ಮಗನಿಗೆ ಕೋಟು ಹೊಲಿಸಿದ. ಒಂದು ರಾಜ್ಯ ಬಿದ್ದುಹೋದುದರ ಗುರುತಾಗಿ ನಮ್ಮ ಮನೆಯಲ್ಲಿ ಉಳಿದದ್ದು ಆ ಕೋಟಿನ ಎರಡು ಗುಂಡಿಗಳು ಮಾತ್ರ. ಅವೂ ಈಗ ಎಲ್ಲಿವೆಯೋ.

ಅಪ್ಪನ ಶರ್ಟುಗಳಲ್ಲಿ ಒಂದೂ ಉಳಿದಿಲ್ಲ. ಅವೆಲ್ಲ ಹೊಲಕ್ಕೆ ಹೋದವು. ಗಂಗಾವತಿಯ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ ನೋಡಿ: ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಶರ್ಟು ತೊಟ್ಟ ಹೆಂಗಸರ ಸಾಲುಸಾಲು. ಬಿಸಿಲಿಗೂ ಆಯಿತು, ಎಲೆಯ ಅಂಚು ಮೈ ಕೊರೆಯುವುದಕ್ಕೂ ಆಯಿತು. ನಾಲ್ಕು ತಾಲೂಕುಗಳಲ್ಲಿ ನಾನು ಕಂಡ ಹೊಸ ಉಡುಗೆಗಳಲ್ಲಿ ಅತ್ಯಂತ ಬುದ್ಧಿವಂತಿಕೆಯದು ಇದೇ. ಇದನ್ನು ಯಾವ ಫ್ಯಾಷನ್ ಪುಟವೂ ಪ್ರಕಟಿಸಿದಂತೆ ಕಾಣೆ.

ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಬೇರೆಯ ಸೀರೆ. 2023ರ ಫೆಬ್ರುವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಧಾರವಾಡದ ಕಸೂತಿಯಿದ್ದ ಕೆಂಪು ಇಳಕಲ್ ರೇಷ್ಮೆಯನ್ನು ಉಟ್ಟು ಬಜೆಟ್ ಮಂಡಿಸಿದರು. ನಮ್ಮ ಕಡೆ ಎಲ್ಲರಿಗೂ ಹೆಮ್ಮೆಯೆನಿಸಿತು, ನನಗೂ ಅನಿಸಿತು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಸೀರೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕೇಂದ್ರದ ಕಾಯ್ದೆ 1985ರಿಂದಲೇ ಇದೆ. ಆದರೂ ಅಂಗಡಿಯಲ್ಲಿ ಇಳಕಲ್ ಕೇಳಿದರೆ ಮುಂದೆ ಹರಡುವುದರಲ್ಲಿ ಬಹುಪಾಲು ವಿದ್ಯುತ್ ಮಗ್ಗದ್ದು. ಒಡಲಿನಲ್ಲಿ ಹತ್ತಿಯೆಷ್ಟು ಎಂದು ವಿಚಾರಿಸಿದರೆ ಅಂಗಡಿಯವರು ಬೇರೆ ಬಣ್ಣ ತೋರಿಸತೊಡಗುತ್ತಾರೆ. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ಓಣಿಗಳಲ್ಲಿ ಒಂದು ಕಾಲಕ್ಕೆ ಮಾತು ಕೇಳಿಸದಷ್ಟು ಮಗ್ಗದ ಸದ್ದಿತ್ತು. ಈಗ ಮಾತು ಚೆನ್ನಾಗಿ ಕೇಳಿಸುತ್ತದೆ.

ಹಾಗೆಂದು ನಮ್ಮ ಕಪಾಟುಗಳು ಬರಿದಾಗಿಲ್ಲ. ಮದುವೆ, ಗೃಹಪ್ರವೇಶಗಳಲ್ಲಿ ಆಯೇರಿಯೆಂದು ಬರುವ ಸೀರೆಗಳಿಗೆ ಕೊನೆಯೇ ಇಲ್ಲ. ಯಾರಿಗೂ ಉಡುವ ಉದ್ದೇಶವಿರುವುದಿಲ್ಲ. ಕೊಟ್ಟವರಿಗೂ ಅದು ಗೊತ್ತು. ಉಡಿ ತುಂಬಲು ಗುಳೇದಗುಡ್ಡದ ಖಣವೇ ಆಗಬೇಕೆನ್ನುತ್ತಿದ್ದ ಕಾಲವಿತ್ತು, ಅದರಿಂದ ಕುಪ್ಪಸ ಹೊಲಿಸಿಕೊಳ್ಳುತ್ತಿದ್ದರು. ಈಗಿನ ಬ್ಲೌಸ್ ಪೀಸುಗಳು ಹೊಲಿಗೆಗೆ ಹುಟ್ಟಿದವೇ ಅಲ್ಲ. ಒಂದು ಸಲ ನಾನು ಪೆನ್ನಿನಿಂದ ಸಣ್ಣ ಚುಕ್ಕೆಯಿಟ್ಟು ಕೊಟ್ಟ ಹಳದಿ ಪೀಸು ಎಂಟು ತಿಂಗಳಲ್ಲಿ ಮೂರು ಊರು ಸುತ್ತಿ ಮತ್ತೆ ನನ್ನ ಉಡಿಗೇ ಬಂದು ಬಿದ್ದಿತು.

ಹಿಂದೆ ಬಟ್ಟೆಯನ್ನು ಕಾಪಾಡುವುದೆಂದರೆ ಮಡಿಸಿಡುವುದಲ್ಲ, ಮುಗಿಯುವ ತನಕ ಉಪಯೋಗಿಸುವುದು. ಹೊಸ ಸೀರೆ ಮೊದಲು ಜಾತ್ರೆಗೆ, ಮದುವೆಗೆ. ಬಣ್ಣ ಸ್ವಲ್ಪ ಕಂದಿದರೆ ಸಂತೆಗೆ, ಪರವೂರಿಗೆ. ಆಮೇಲೆ ಮನೆಗೆ, ಕೊನೆಗೆ ಹೊಲಕ್ಕೆ. ನಡುವೆ ಹರಿದರೆ ಜೀರ್ಣವಾದ ಭಾಗವನ್ನು ಕತ್ತರಿಸಿ ತೆಗೆದು ಗಟ್ಟಿಯಾದ ಎರಡು ತುಂಡುಗಳನ್ನು ಸೇರಿಸಿ ಹೊಲಿದು ಇನ್ನೊಂದು ವರ್ಷ ಉಡುತ್ತಿದ್ದರು. ಬೇವಿನ ಮರಕ್ಕೆ ಕಟ್ಟಿದ ಕೂಸಿನ ಜೋಳಿಗೆ ಅದೇ, ನೀರಿನ ಕೊಡದ ಸಿಂಬೆ ಅದೇ, ಒಲೆಯ ಬಳಿಯ ಮಸಿಬಟ್ಟೆಯೂ ಅದೇ. ಇಷ್ಟೆಲ್ಲ ಆದ ಮೇಲೂ ಗಟ್ಟಿಯಾಗಿ ಉಳಿದ ತುಂಡುಗಳು ಕೌದಿಗೆ. ಹಲವು ಪದರಗಳನ್ನು ಹಾಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಟಾಕು ಹಾಕುತ್ತ ಹೋಗುವ ಆ ಹೊದಿಕೆಗೆ ತೊಳೆದಷ್ಟೂ ಮೆತ್ತಗಾಗುವ ಹತ್ತಿಯೇ ಜೀವ. ನಮ್ಮ ಸೀಮೆಯಲ್ಲಿ ಬಾಣಂತಿಯ ಮಂಚದ ಮೇಲೂ ಅದು, ಹೊಲ ಕಾಯುವವನ ಹೆಗಲ ಮೇಲೂ ಅದು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹೊಲಿದ ಇಂಥದೇ ಕೌದಿಗಳು ಅಮೆರಿಕದ ಕಲಾಪ್ರದರ್ಶನಗಳ ತನಕ ಹೋಗಿವೆ.

ಅವ್ವ ಕೌದಿ ಕೇಳಿದ್ದು ಈ ಲೆಕ್ಕದಿಂದ. ಇದು ನನಗೆ ಹೊಳೆಯಲು ಎರಡು ದಿನ ಬೇಕಾಯಿತು. ಅಕ್ಕನಿಗೆ ಹೊಳೆದದ್ದು ಧರ್ಮಾವರಂ ಸೀರೆಯನ್ನು ಬಿಚ್ಚಿದಾಗ. ಅವ್ವ ಅದನ್ನು ಮೂರೋ ನಾಲ್ಕೋ ಸಲ ಉಟ್ಟಿರಬೇಕು. ಉಳಿದ ವರ್ಷಗಳೆಲ್ಲ ಅದು ಒಂದೇ ಮಡಿಕೆಯಲ್ಲಿ, ನುಸಿಗುಳಿಗೆಗಳ ನಡುವೆ ಭದ್ರವಾಗಿತ್ತು. ಕೊಡವಿದ ಕೂಡಲೇ ಮಡಿಕೆಯ ಗೆರೆಗುಂಟ ಸೀಳಿತು. ಜರಿ ಕಪ್ಪಗಾಗಿತ್ತು. ಎಲ್ಲಕ್ಕಿಂತ ಜೋಪಾನವಾಗಿ ಇಟ್ಟದ್ದೇ ಎಲ್ಲಕ್ಕಿಂತ ಮೊದಲು ಹಾಳಾಗಿತ್ತು. ಇಟ್ಟುಕೊಳ್ಳುವುದೇ ಆದರೆ ಆರು ತಿಂಗಳಿಗೊಮ್ಮೆ ಮಡಿಕೆ ಬದಲಿಸಬೇಕು, ನೆರಳಿನ ಗಾಳಿಗೆ ಹರವಬೇಕು, ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿಡಬೇಕು, ಗಂಜಿ ಹಾಕಿದ್ದನ್ನು ಗಂಜಿ ತೊಳೆದೇ ಇಡಬೇಕು. ನುಸಿಗುಳಿಗೆ ಜರಿಗೆ ತಾಗಬಾರದು. ಇಷ್ಟು ಮಾಡುವ ವ್ಯವಧಾನ ಎಷ್ಟು ಸೀರೆಗಳಿಗೆ ಇದೆಯೋ ಅಷ್ಟನ್ನೇ ಇಟ್ಟುಕೊಂಡರೆ ಸಾಕು. ನನಗಿರುವುದು ಎರಡಕ್ಕೆ.

ಕೊನೆಗೆ ಹೀಗಾಯಿತು. ಉಡಲು ಬರುವಷ್ಟು ಗಟ್ಟಿಯಾಗಿದ್ದ ಎರಡು ಇಳಕಲ್ ಸೀರೆಗಳನ್ನು ಅಕ್ಕನೂ ನಾನೂ ತೆಗೆದುಕೊಂಡೆವು, ಉಡುವುದಕ್ಕೇ. ಹರಿಯದೆ ಉಳಿದ ಧರ್ಮಾವರಂ ತಮ್ಮನ ಹೆಂಡತಿಗೆ ಸೇರಿತು. ನಾಲ್ಕು ಪಾಲಿಯೆಸ್ಟರ್ ಸೀರೆಗಳು ಹೊಸದರಂತೆಯೇ ಇದ್ದವು, ಬಣ್ಣ ಕೂಡ ಮಾಸಿರಲಿಲ್ಲ. ಆದರೆ ಅವು ಯಾರಿಗೂ ಬೇಕಾಗಲಿಲ್ಲ. ಚಂದ್ರಕಾಳಿಯನ್ನು ತಮ್ಮನ ಮಗಳು ಕೇಳಿದಳು. ಕಾಲೇಜಿನಲ್ಲಿ ಒಂದು ದಿನ ಎಲ್ಲರೂ ಸಾಂಪ್ರದಾಯಿಕ ಉಡುಗೆಯಲ್ಲಿ ಬರಬೇಕಂತೆ. ಹುಡುಗರು ದೋತರ, ಪಟಕ, ಹುಡುಗಿಯರು ಇಳಕಲ್. ಅಜ್ಜಿಯ ಮದುವೆಯ ಸೀರೆ ವೇಷವಾಗುವುದು ನನಗೆ ಮೊದಲು ಹಿಡಿಸಲಿಲ್ಲ. ‘ಅತ್ತಿ, ಟ್ರಂಕಿನ್ಯಾಗ ಇಟ್ರ ಅದೂ ಧರ್ಮಾವರಂ ಆಗತೈತಿ’ ಎಂದಳು. ಉತ್ತರ ತೋಚದೆ ಕೊಟ್ಟೆ. ಸೆರಗಿನಲ್ಲಿ ಎರಡು ಪಿನ್ನಿನ ತೂತು, ನೆರಿಗೆಯ ಬಳಿ ಒಂದು ಚಹಾದ ಕಲೆಯೊಂದಿಗೆ ಅದು ಮರಳಿ ಬಂದಿದೆ. ಮುಂದಿನ ವರ್ಷವೂ ಬೇಕೆಂದು ಈಗಲೇ ಹೇಳಿಟ್ಟಿದ್ದಾಳೆ.

ಉಳಿದದ್ದು ಐದು ಇಳಕಲ್. ಕೌದಿ ಹೊಲಿಯುವವರು ಬೇಸಿಗೆಯಲ್ಲಿ ಓಣಿಗೆ ಬಂದು ಕೂಗುತ್ತಿದ್ದ ಕಾಲ ಹೋಯಿತು. ವಿಚಾರಿಸಿ, ಕುಷ್ಟಗಿಯ ಕಡೆಯ ಹಳ್ಳಿಯೊಂದರಿಂದ ವಯಸ್ಸಾದ ಒಬ್ಬಾಕೆಯನ್ನು ಕರೆಸಿದೆವು. ಆಕೆ ಪಡಸಾಲೆಯಲ್ಲಿ ಸೀರೆಗಳನ್ನು ಹಾಸಿ, ಅಂಗೈಯಿಂದ ಒಂದೊಂದನ್ನೂ ಸವರಿ ನೋಡಿದಳು. ಪಾಲಿಯೆಸ್ಟರ್ ನಾಲ್ಕನ್ನೂ ಒಳಪದರಕ್ಕೆ ಹಾಕಬಹುದೇ ಎಂದು ಕೇಳಿದೆವು. ‘ಹೊಲೀತೇನ್ರಿ ಅಕ್ಕಾರ, ಈಗ ಎಲ್ಲಾರೂ ಅವನ್ನ ಕೊಡತಾರ. ಖರೇ ಸೂಜಿ ಜಾರತೈತಿ, ಮಕ್ಕೊಂಡ್ರ ಬೆವರತೈತಿ’ ಎಂದು ಪಕ್ಕಕ್ಕೆ ಸರಿಸಿದಳು. ಅಕ್ಕ ಅಡುಗೆಮನೆಗೆ ಹೋಗಲಿಲ್ಲ. ಎದುರಿಗೇ ಕುಳಿತು ತಾನೇ ಕತ್ತರಿ ತೆಗೆದುಕೊಟ್ಟಳು. ಒಡಲುಗಳನ್ನು ಸೀಳಿ ಆದ ಮೇಲೆ ಐದು ಕೆಂಪು ಸೆರಗುಗಳು ಉಳಿದವು. ಅವನ್ನು ಒಳಗೆ ಹಾಕಿದರೆ ಕೌದಿಗೆ ದಪ್ಪ ಬರುತ್ತದೆಯಲ್ಲವೇ ಎಂದೆ. ಆಕೆ ನನ್ನ ಮುಖ ನೋಡಿ ನಕ್ಕು, ಐದನ್ನೂ ಮೇಲ್ಪದರದ ನಡುವೆ ಒಂದರ ಪಕ್ಕ ಒಂದು ಜೋಡಿಸಿ, ದಾರ ಪೋಣಿಸಲು ಸೂಜಿಯನ್ನು ಬೆಳಕಿಗೆ ಹಿಡಿದಳು.