ಪಾಲಿಶ್ ಇಲ್ಲದ ಅಕ್ಕಿ: ಬೇಯಿಸುವುದರಲ್ಲಿದೆ ಗುಟ್ಟು

ಅಜ್ಜನಿಗೆ ಸಕ್ಕರೆ ಕಾಯಿಲೆ, ಬಿಳಿ ಅನ್ನ ಕಡಿಮೆ ಮಾಡಿ ಎಂದು ಡಾಕ್ಟರು ಹೇಳುತ್ತಾರೆ. ಮಗ ಪೇಟೆಗೆ ಹೋಗಿ ಒಂದು ಕಿಲೋ ಪಾಲಿಶ್ ಮಾಡದ ಅಕ್ಕಿ ತರುತ್ತಾನೆ. ಬೆಲೆ ಮಾಮೂಲಿ ಅಕ್ಕಿಗಿಂತ ಹೆಚ್ಚು. ಮನೆಯಲ್ಲಿ ಅದನ್ನು ಬಿಳಿ ಅಕ್ಕಿಯಂತೆಯೇ ತೊಳೆದು, ಅಷ್ಟೇ ನೀರು ಹಾಕಿ, ಮೂರು ವಿಷಲ್ ಕೂಗಿಸಿ ಇಳಿಸುತ್ತಾರೆ. ತಟ್ಟೆಗೆ ಬಂದ ಅನ್ನ ಅಗಿದಷ್ಟೂ ಮುಗಿಯುವುದಿಲ್ಲ. ಮಕ್ಕಳು ಅದನ್ನು ಅಂಚಿಗೆ ತಳ್ಳಿ ಎದ್ದು ಹೋಗುತ್ತಾರೆ, ಅಜ್ಜ ಹಲ್ಲಿಲ್ಲವೆಂದು ಕೈ ತೊಳೆಯುತ್ತಾರೆ. ಉಳಿದ ಮುಕ್ಕಾಲು ಕಿಲೋ ಡಬ್ಬದಲ್ಲೇ ಹುಳು ಹಿಡಿದು ಕೊನೆಗೆ ಕೋಳಿಗಳ ಪಾಲಾಗುತ್ತದೆ.

ಇದರಿಂದ ಕೋಳಿಗಳಿಗಂತೂ ಒಳ್ಳೆಯದೇ ಆಯಿತೆನ್ನಬೇಕು. ಏಕೆಂದರೆ ಈ ಅಕ್ಕಿಯ ಮಹತ್ವ ಏನೆಂಬುದನ್ನು ವಿಜ್ಞಾನಕ್ಕೆ ಮೊದಲು ತೋರಿಸಿಕೊಟ್ಟದ್ದೇ ಕೋಳಿಗಳು!

ಕೋಳಿಗಳು ಕಲಿಸಿದ ಪಾಠ

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದ ಬಟಾವಿಯದಲ್ಲಿ (ಇಂದಿನ ಜಕಾರ್ತ) ಬೆರಿಬೆರಿ ಎಂಬ ರೋಗ ಹಾವಳಿ ಎಬ್ಬಿಸಿತ್ತು. ಕಾಲುಗಳ ಶಕ್ತಿ ಉಡುಗಿ, ಹೃದಯ ಸೋತು ಜನ ಸಾಯುತ್ತಿದ್ದರು. ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಇದಕ್ಕೆ ಕಾರಣವಾದ ರೋಗಾಣುವನ್ನು ಹುಡುಕುತ್ತಿದ್ದರು. ಆಗ ಅವರ ಪ್ರಯೋಗಾಲಯದ ಕೋಳಿಗಳಿಗೂ ಅಂಥದೇ ಕಾಲುಸೋಲು ಬಂತು. ಕೆಲವು ತಿಂಗಳ ಬಳಿಕ ಅದು ತಾನಾಗಿಯೇ ವಾಸಿಯೂ ಆಯಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ರೋಗ ಬಂದ ಅವಧಿಯಲ್ಲಿ ಕೋಳಿಗಳಿಗೆ ಆಸ್ಪತ್ರೆಯ ಅಡಿಗೆಮನೆಯಿಂದ ಪಾಲಿಶ್ ಅಕ್ಕಿಯ ಅನ್ನ ಬರುತ್ತಿತ್ತು. ಅದು ನಿಂತು ತೌಡುಳ್ಳ ಅಕ್ಕಿ ಸಿಕ್ಕ ಕೂಡಲೇ ಅವು ಚೇತರಿಸಿಕೊಂಡಿದ್ದವು.

ಮುಂದೆ ಜಾವಾದ ನೂರಕ್ಕೂ ಹೆಚ್ಚು ಜೈಲುಗಳಲ್ಲಿ ಪರಿಶೀಲಿಸಿದಾಗಲೂ ಇದೇ ಕಂಡಿತು. ಪಾಲಿಶ್ ಅಕ್ಕಿ ಉಣಿಸುವ ಜೈಲುಗಳಲ್ಲಿ ಬೆರಿಬೆರಿ ಹೆಚ್ಚು, ತೌಡುಳ್ಳ ಅಕ್ಕಿ ಉಣಿಸುವಲ್ಲಿ ಅತಿ ವಿರಳ. ಅಕ್ಕಿಯ ಪಿಷ್ಟದಲ್ಲಿ ಏನೋ ವಿಷವಿದೆ, ತೌಡು ಅದನ್ನು ಶಮನ ಮಾಡುತ್ತದೆ ಎಂದು ಐಕ್‌ಮನ್ ಮೊದಲು ಭಾವಿಸಿದ್ದರು. ಅಲ್ಲ, ದೇಹಕ್ಕೆ ಬೇಕಾದ ಯಾವುದೋ ವಸ್ತು ತೌಡಿನಲ್ಲಿದ್ದು, ಪಾಲಿಶ್ ಮಾಡಿದಾಗ ಅದು ಹೊರಟುಹೋಗುತ್ತದೆ ಎಂದು 1901ರಲ್ಲಿ ತಿದ್ದಿದವರು ಅವರ ಉತ್ತರಾಧಿಕಾರಿ ಗೆರಿಟ್ ಗ್ರಿನ್ಸ್. ಆ ವಸ್ತುವೇ ಇಂದಿನ ಬಿ1 ಜೀವಸತ್ವ, ಅಂದರೆ ಥಯಾಮಿನ್. 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ರಸಾಯನ ವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ನೆರೆಯ ನೆಲ್ಲೂರಿನಲ್ಲಿ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನ ಸಂದಿತು. ನೋಡಿದ್ದು ಸರಿಯಾಗಿದ್ದರೂ ಕೊಟ್ಟ ವಿವರಣೆ ತಪ್ಪಾಗಬಹುದು, ಮತ್ತೊಬ್ಬರು ಅದನ್ನು ತಿದ್ದುತ್ತಾರೆ. ವಿಜ್ಞಾನ ನಡೆಯುವುದೇ ಹೀಗೆ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಕಾಳಿನ ಒಳಗೇನಿದೆ?

ಭತ್ತದ ಹೊರಗಿನ ಹೊಟ್ಟು ತೆಗೆದಾಗ ಉಳಿಯುವುದೇ ಪಾಲಿಶ್ ಇಲ್ಲದ ಅಕ್ಕಿ. ಅದರ ಮೇಲೆ ತೌಡಿನ ತೆಳುವಾದ ಪದರ, ಒಂದು ತುದಿಯಲ್ಲಿ ಮೊಳಕೆಯೊಡೆಯುವ ಭ್ರೂಣ, ಒಳಗೆಲ್ಲ ಪಿಷ್ಟ. ಪಾಲಿಶ್ ಯಂತ್ರ ಉಜ್ಜಿ ತೆಗೆಯುವುದು ಈ ತೌಡು ಮತ್ತು ಭ್ರೂಣವನ್ನು. ಅವುಗಳ ಜೊತೆಗೆ ಬಿ1 ಜೀವಸತ್ವದ ಬಹುಪಾಲು, ನಾರಿನ ದೊಡ್ಡ ಭಾಗ, ಮೆಗ್ನೀಸಿಯಂ ಮೊದಲಾದ ಖನಿಜಗಳೂ ಹೋಗುತ್ತವೆ. ಸಸಾರಜನಕದಲ್ಲಿ ಮಾತ್ರ ಹೆಚ್ಚಿನ ವ್ಯತ್ಯಾಸವಿಲ್ಲ. ಕ್ಯಾಲರಿಯೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಸಕ್ಕರೆ ಕಾಯಿಲೆಯವರು ಕೆಂಪಗಿದೆಯೆಂದು ಎರಡು ಪಟ್ಟು ಉಂಡರೆ ಪ್ರಯೋಜನವಿಲ್ಲ. ಇದು ಔಷಧಿಯಲ್ಲ, ಒಳ್ಳೆಯ ಆಹಾರ ಅಷ್ಟೆ.

ಇಲ್ಲಿ ಮೂರು ಹೆಸರುಗಳ ಗೊಂದಲವನ್ನೂ ಬಿಡಿಸಿಕೊಳ್ಳೋಣ. ಕೆಂಪಕ್ಕಿ ಎಂದರೆ ತೌಡಿನ ಬಣ್ಣವೇ ಕೆಂಪಾಗಿರುವ ತಳಿ. ಅದನ್ನೂ ಚೆನ್ನಾಗಿ ಪಾಲಿಶ್ ಮಾಡಿದರೆ ಬೆಳ್ಳಗಾಗುತ್ತದೆ. ಅಂಗಡಿಯಲ್ಲಿ ‘ಬ್ರೌನ್ ರೈಸ್’ ಎಂದು ಮಾರುವುದು ಸಾಮಾನ್ಯವಾಗಿ ಬಿಳಿ ತಳಿಯದೇ ತೌಡುಳ್ಳ ಅಕ್ಕಿ. ಕುಚ್ಚಲಕ್ಕಿ ಎಂದರೆ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿದ ಮೇಲೆ ಮಾಡಿದ ಅಕ್ಕಿ. ಭತ್ತ ಬೇಯುವಾಗ ಬಿ1 ಜೀವಸತ್ವದ ಒಂದಂಶ ಕಾಳಿನ ಒಳಕ್ಕೆ ಇಳಿಯುವುದರಿಂದ, ಆಮೇಲೆ ಪಾಲಿಶ್ ಮಾಡಿದರೂ ಎಲ್ಲವೂ ನಷ್ಟವಾಗುವುದಿಲ್ಲ. ದಕ್ಷಿಣ ಕನ್ನಡದವರ ಗಂಜಿಯೂಟದ ಹಿಂದಿರುವ ವಿಜ್ಞಾನ ಇದು.

ಹಿಂದೆ ಒನಕೆಯಿಂದ ಕುಟ್ಟಿದ ಕೊಟ್ಟಣದ ಅಕ್ಕಿಯಲ್ಲಿ ತೌಡು ಒಂದಿಷ್ಟು ಉಳಿಯುತ್ತಿತ್ತು. ಹಲ್ಲರ್ ಗಿರಣಿ ಬಂದ ಮೇಲೆ ಹೊಟ್ಟು, ತೌಡು ಎರಡೂ ಒಂದೇ ಬಾರಿಗೆ ಹೋಗತೊಡಗಿದವು. ಸ್ವಂತ ಗದ್ದೆಯ ಭತ್ತ ಇರುವವರು ರಬ್ಬರ್ ರೋಲರ್ ಇರುವ ಗಿರಣಿಯಲ್ಲಿ ‘ಹೊಟ್ಟು ಮಾತ್ರ ತೆಗೆಯಿರಿ, ಪಾಲಿಶ್ ಬೇಡ’ ಎಂದು ಕೇಳಿ ಮಾಡಿಸಿಕೊಳ್ಳಬಹುದು.

ಬೇಯಲು ತಡವೇಕೆ?

ಪಿಷ್ಟ ಬೆಂದು ಮೆತ್ತಗಾಗಲು ಶಾಖ, ನೀರು ಎರಡೂ ಬೇಕು. ತೌಡಿನ ಪದರದಲ್ಲಿ ಎಣ್ಣೆ ಹಾಗೂ ಮೇಣದಂಥ ಅಂಶವಿದ್ದು, ಅದು ಮಳೆಗಾಲದ ಕೊಪ್ಪೆಯಂತೆ ನೀರನ್ನು ತಡೆಯುತ್ತದೆ. ಬಿಳಿ ಅಕ್ಕಿ ಅರ್ಧ ಗಂಟೆಯಲ್ಲಿ ಹೀರುವ ನೀರನ್ನು ಒಳಕ್ಕೆಳೆದುಕೊಳ್ಳಲು ಇದಕ್ಕೆ ಗಂಟೆಗಟ್ಟಲೆ ಬೇಕು. ನೆನೆಸದೆ ಬೇಯಿಸಿದರೆ ಹೊರಭಾಗ ಒಡೆದು ಅಂಟಾಗುತ್ತದೆ, ನಡುವಿನ ತಿರುಳು ಸುಣ್ಣದ ಕಡ್ಡಿಯಂತೆ ಗಟ್ಟಿಯಾಗಿಯೇ ಉಳಿಯುತ್ತದೆ.

ನಮ್ಮ ಕೊಡಗಿನಲ್ಲಿ ಇನ್ನೊಂದು ತೊಡಕೂ ಇದೆ. ಎತ್ತರಕ್ಕೆ ಹೋದಂತೆ ವಾಯುಭಾರ ಇಳಿಯುತ್ತದೆ, ನೀರಿನ ಕುದಿಬಿಂದುವೂ ಇಳಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಲೆಕ್ಕ ಹಾಕಬಹುದು. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು, 1100 ಮೀಟರಿಗಿಂತ ಎತ್ತರದ ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಶನಿವಾರಸಂತೆ, ಸೋಮವಾರಪೇಟೆಗಳೂ ಬೆಟ್ಟದ ಮೇಲಿನ ಊರುಗಳೇ. ಕರಾವಳಿಯ ನೆಂಟರು ಹೇಳಿದ ಸಮಯಕ್ಕೆ ಇಲ್ಲಿ ಅನ್ನ ಆಗದಿದ್ದರೆ ಅಕ್ಕಿಯನ್ನು ಬೈಯಬೇಕಾಗಿಲ್ಲ! ಉರಿ ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರಿನ ಉಷ್ಣತೆ ಏರುವುದಿಲ್ಲ, ಆವಿ ಹೆಚ್ಚಿ ಗ್ಯಾಸು ಖರ್ಚಾಗುತ್ತದೆ ಅಷ್ಟೆ. ಪ್ರೆಶರ್ ಕುಕ್ಕರ್ ಉಪಯೋಗಕ್ಕೆ ಬರುವುದು ಇಲ್ಲಿಯೇ. ಒಳಗಿನ ಒತ್ತಡ ಹೆಚ್ಚಿ ಉಷ್ಣತೆ 115-120 ಡಿಗ್ರಿಯವರೆಗೆ ಏರುತ್ತದೆ.

ಬೇಯಿಸುವ ಕ್ರಮ

ನೆನೆಸುವುದು: ಅಕ್ಕಿಯನ್ನು ಆರಿಸಿ, ಎರಡು ಸಲ ಹಗುರವಾಗಿ ತೊಳೆಯಿರಿ. ಉಜ್ಜಿ ಉಜ್ಜಿ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವಗಳು ಬಚ್ಚಲಿಗೆ ಹೋಗುತ್ತವೆ. ಆಮೇಲೆ 6ರಿಂದ 8 ಗಂಟೆ ನೆನೆಸಿ. ಮಧ್ಯಾಹ್ನದ ಅಡಿಗೆಗೆ ಬೆಳಿಗ್ಗೆ ಎದ್ದ ಕೂಡಲೇ ನೆನೆಹಾಕಬೇಕು, ಬೆಳಗಿನ ಡಬ್ಬಿಗಾದರೆ ಹಿಂದಿನ ರಾತ್ರಿ. ಅವಸರವಿದ್ದರೆ ಕೈಗೆ ಹಿತವಾಗುವಷ್ಟು ಬಿಸಿಯಾದ ನೀರಿನಲ್ಲಿ ಎರಡು ಗಂಟೆ ನೆನೆದರೂ ಆದೀತು. ಬೇಸಿಗೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹುಳಿ ವಾಸನೆ ಬರುವುದರಿಂದ ನಡುವೆ ಒಮ್ಮೆ ನೀರು ಬದಲಿಸಿ.

ಕುಕ್ಕರಿನಲ್ಲಿ: ನೆನೆದ ನೀರನ್ನು ಬಸಿದು, ಒಂದು ಲೋಟ (ನೆನೆಸುವ ಮೊದಲು ಅಳೆದ) ಅಕ್ಕಿಗೆ ಎರಡರಿಂದ ಎರಡೂವರೆ ಲೋಟ ನೀರು ಹಾಕಿ ಒಳಪಾತ್ರೆಯಲ್ಲಿಡಿ. ಕುಕ್ಕರಿನ ತಳದಲ್ಲೂ ಸಾಕಷ್ಟು ನೀರಿರಲಿ. ಮೊದಲ ವಿಷಲ್ ಬಂದ ಮೇಲೆ ಉರಿ ತಗ್ಗಿಸಿ, ಗಡಿಯಾರ ನೋಡಿ 15 ನಿಮಿಷ ಬಿಡಿ. ವಿಷಲ್ ಎಣಿಸುವುದು ಸರಿಯಾದ ಅಳತೆಯಲ್ಲ. ದೊಡ್ಡ ಉರಿಯಲ್ಲಿ ಐದು ವಿಷಲ್ ಐದೇ ನಿಮಿಷದಲ್ಲಿ ಕೂಗಬಹುದು, ಸಣ್ಣ ಉರಿಯಲ್ಲಿ ಒಂದೂ ಕೂಗದಿರಬಹುದು. ಒಲೆ ಆರಿಸಿದ ಮೇಲೆ ಒತ್ತಡ ತಾನಾಗಿಯೇ ಇಳಿಯಲಿ. ಆ ಹತ್ತು ಹದಿನೈದು ನಿಮಿಷವೂ ಅಡಿಗೆಯ ಭಾಗವೇ, ಆಗಲೇ ನೀರು ಕಾಳಿನ ನಡುವಿಗೆ ಸಮನಾಗಿ ಹರಡುವುದು. ನೆನೆಸಲು ಆಗಲೇ ಇಲ್ಲವೆಂದರೆ ಮೂರು ಲೋಟ ನೀರು, 25 ನಿಮಿಷ.

ಪಾತ್ರೆಯಲ್ಲಿ: ಒಂದು ಲೋಟಕ್ಕೆ ಆರು ಲೋಟ ನೀರು ಕುದಿಸಿ, ನೆನೆದ ಅಕ್ಕಿ ಹಾಕಿ, ಮುಚ್ಚಳ ಓರೆ ಮಾಡಿ ಸಣ್ಣ ಉರಿಯಲ್ಲಿ 35-45 ನಿಮಿಷ ಬೇಯಿಸಿ. ಬೆಂದ ಮೇಲೆ ಗಂಜಿ ಬಸಿದು, ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಅನ್ನ ಉದುರುದುರಾಗುತ್ತದೆ. ಬಸಿದ ಗಂಜಿಯನ್ನು ಚೆಲ್ಲಬೇಡಿ. ಉಪ್ಪು, ಮಜ್ಜಿಗೆ ಬೆರೆಸಿ ಕುಡಿಯಬಹುದು, ಸಾರಿಗೂ ಹಾಕಬಹುದು. ಅಂತರ್ಜಲದಲ್ಲಿ ಆರ್ಸೆನಿಕ್ ಇರುವ ಬಂಗಾಳದಂಥ ಕಡೆಗಳಲ್ಲಿ ಮಾತ್ರ ಶುದ್ಧ ನೀರು ಹೆಚ್ಚಾಗಿ ಹಾಕಿ ಬೇಯಿಸಿ ಬಸಿದು ಚೆಲ್ಲುವುದು ಮೇಲು, ಏಕೆಂದರೆ ಆ ವಿಷ ತೌಡಿನಲ್ಲಿ ಹೆಚ್ಚು ಸೇರಿಕೊಳ್ಳುತ್ತದೆ.

ಬೆಂದಿದೆಯೇ? ಕೆಲವು ಅಗುಳುಗಳನ್ನು ಎರಡು ಗಾಜಿನ ತುಂಡುಗಳ ನಡುವೆ ಇಟ್ಟು ಒತ್ತಿ. ನಡುವೆ ಬಿಳಿಯ ಚುಕ್ಕೆ ಕಂಡರೆ ಇನ್ನೂ ಬೆಂದಿಲ್ಲ. ಹತ್ತರಲ್ಲಿ ಒಂಬತ್ತು ಅಗುಳಿನಲ್ಲಿ ಚುಕ್ಕೆ ಇಲ್ಲದಿದ್ದರೆ ಅನ್ನ ಆಯಿತೆಂದು ತಿಳಿಯಿರಿ. ಪ್ರಯೋಗಾಲಯಗಳಲ್ಲಿ ಅಕ್ಕಿ ಬೇಯುವ ಸಮಯವನ್ನು ಗೊತ್ತುಮಾಡುವುದೂ ಹೀಗೆಯೇ.

ಕೊಳ್ಳುವಾಗ, ಇಡುವಾಗ

ತೌಡಿನಲ್ಲಿ ಎಣ್ಣೆಯಿದೆ. ಭತ್ತದ ಹೊಟ್ಟು ಬಿಟ್ಟ ಕೂಡಲೇ ಅಲ್ಲಿನ ಕಿಣ್ವ ಈ ಎಣ್ಣೆಯನ್ನು ಒಡೆಯತೊಡಗುತ್ತದೆ. ಕೆಲವು ತಿಂಗಳಲ್ಲಿ ಅಕ್ಕಿಗೆ ಹಳೆಯ ಕೊಬ್ಬರಿಯಂಥ ಕಮಟು ವಾಸನೆ ಬರುತ್ತದೆ. ‘ಅಕ್ಕಿ ಹಳೆಯದಾದಷ್ಟೂ ಒಳ್ಳೆಯದು’ ಎಂಬ ಮಾತು ಬಿಳಿ ಅಕ್ಕಿಗೆ ಒಪ್ಪುತ್ತದೆ, ಇದಕ್ಕಲ್ಲ. ಮೂಸಿ ನೋಡಿ, ತಿಂಗಳಿಗೆ ಬೇಕಾದಷ್ಟನ್ನೇ ಕೊಳ್ಳಿ. ಭತ್ತವಿರುವವರು ಭತ್ತವಾಗಿಯೇ ಇಟ್ಟುಕೊಂಡು ಆಗಾಗ ಗಿರಣಿಗೆ ಒಯ್ಯುವುದು ಲೇಸು.

ತೌಡಿನಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣ ಮತ್ತು ಸತುವಿನ ಅಂಶಗಳನ್ನು ದೇಹ ಹೀರಿಕೊಳ್ಳದಂತೆ ಸ್ವಲ್ಪ ತಡೆಯುತ್ತದೆ. ನೆನೆಸುವುದರಿಂದ ಅದು ತುಸು ಕಡಿಮೆಯಾಗುತ್ತದೆ. ಬೆಳೆಯುವ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಈ ಅನ್ನದೊಂದಿಗೆ ಸೊಪ್ಪಿನ ಸಾರು ಕೊಟ್ಟು ಮೇಲೆ ನಿಂಬೆಹಣ್ಣು ಹಿಂಡಿ. ಅದರ ಸಿ ಜೀವಸತ್ವ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ.

ಅನ್ನ ಉಳಿದರೆ ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ. ಬೇಯಿಸಿದರೂ ಸಾಯದ ಕೆಲವು ಬ್ಯಾಕ್ಟೀರಿಯಾ ಬೀಜಾಣುಗಳು ಹೊರಗಿಟ್ಟ ಅನ್ನದಲ್ಲಿ ಬೆಳೆದು ವಾಂತಿಭೇದಿ ತರಬಲ್ಲವು. ತಣ್ಣಗಾದ ಈ ಅನ್ನ ಬಿಳಿ ಅನ್ನಕ್ಕಿಂತ ಗಟ್ಟಿ ಅನ್ನಿಸುತ್ತದೆ. ನೀರು ಚಿಮುಕಿಸಿ ಆವಿಯಲ್ಲಿ ಚೆನ್ನಾಗಿ ಬಿಸಿ ಮಾಡಿ ಚಿತ್ರಾನ್ನ ಮಾಡಬಹುದು. ನಮ್ಮ ಕೊಡಗಿನ ರೊಟ್ಟಿಗೆ ಹೇಗೂ ಅಕ್ಕಿಹಿಟ್ಟಿನೊಂದಿಗೆ ಅನ್ನ ಸೇರಿಸಿ ನಾದುತ್ತಾರಲ್ಲವೆ? ಈ ಅನ್ನವೂ ಅದಕ್ಕೆ ಹೊಂದುತ್ತದೆ.

ಮಕ್ಕಳಿಗೊಂದು ಪ್ರಯೋಗ

ಐವತ್ತು ಗ್ರಾಂ ಬಿಳಿ ಅಕ್ಕಿ, ಐವತ್ತು ಗ್ರಾಂ ತೌಡುಳ್ಳ ಅಕ್ಕಿಯನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ನೆನೆಸಿ. ಅರ್ಧ ಗಂಟೆಗೊಮ್ಮೆ ನೀರು ಬಸಿದು, ಬಟ್ಟೆಯಲ್ಲಿ ಒರೆಸಿ, ತೂಗಿ ಬರೆದುಕೊಳ್ಳಿ. ಮತ್ತೆ ನೆನೆಹಾಕಿ. ತೂಕ ಏರುವುದು ನಿಂತಾಗ ಅಕ್ಕಿ ನೆನೆದು ಮುಗಿಯಿತೆಂದರ್ಥ. ಸಮಯ ಮತ್ತು ತೂಕದ ನಕ್ಷೆ ಬರೆದರೆ ಎರಡು ಗೆರೆಗಳ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ನಿಮ್ಮ ಮನೆಯ ಅಕ್ಕಿಗೆ ಎಷ್ಟು ಗಂಟೆ ಬೇಕೆಂದು ಅಮ್ಮನಿಗೆ ನೀವೇ ಹೇಳಬಹುದು.

ತಂದೆತಾಯಿಯರಿಗೆ ಒಂದು ಮಾತು. ಒಂದೇ ದಿನಕ್ಕೆ ಬಿಳಿ ಅನ್ನವನ್ನು ಪೂರ್ತಿ ಬಿಡಿಸಲು ಹೋಗಬೇಡಿ. ಮೊದಲ ವಾರ ನಾಲ್ಕರಲ್ಲಿ ಒಂದು ಪಾಲು ಸಾಕು. ಎರಡೂ ಬೇಯುವ ಸಮಯ ಬೇರೆಯಾದ್ದರಿಂದ ಬೇರೆ ಬೇರೆ ಬೇಯಿಸಿ ಬೆರೆಸಿ. ನಾಲಗೆಗೆ ರೂಢಿಯಾದಂತೆ ಪಾಲು ಹೆಚ್ಚಿಸಿ. ಮಕ್ಕಳು ಬೇಡವೆನ್ನುವುದು ಬಹಳ ಸಲ ಅಕ್ಕಿಯನ್ನಲ್ಲ, ಬೇಯದ ಅನ್ನವನ್ನು. ಆ ಅನ್ನವನ್ನು ಅವರು ತಳ್ಳಿದರೆ ಮನೆಯಲ್ಲಿ ಯಾರೂ ಕೊಳ್ಳುವುದಿಲ್ಲ, ಕೊಳ್ಳುವವರಿಲ್ಲದಿದ್ದರೆ ಗದ್ದೆಯಲ್ಲಿ ಕೆಂಪು ಭತ್ತ ಬಿತ್ತುವವರೂ ಇರುವುದಿಲ್ಲ. ಒಂದು ರಾತ್ರಿ ನೆನೆಸಿ, ಹದಿನೈದು ನಿಮಿಷ ಹೆಚ್ಚು ಕಾದರೆ ಇಷ್ಟನ್ನೂ ಉಳಿಸಿಕೊಳ್ಳಬಹುದು.