ಮಹಡಿ ಏರಿಸುವ ಮುನ್ನ ನಕ್ಷೆ ಬಿಚ್ಚಿ

ಬೆಂಗಳೂರಿನ ಯಾವುದೇ ಹಳೆ ಬಡಾವಣೆಯಲ್ಲಿ ತಾರಸಿ ಹತ್ತಿ ನೋಡಿ. ಪಿಲ್ಲರುಗಳ ತುದಿಯಲ್ಲಿ ಮೊಳದುದ್ದ ಬಿಟ್ಟ ಕಂಬಿಗಳು ಕಾಣುತ್ತವೆ. ಕೆಲವು ತುಕ್ಕು ಹಿಡಿದಿವೆ, ಕೆಲವಕ್ಕೆ ಬಟ್ಟೆ ಒಣಹಾಕುವ ಹಗ್ಗ ಬಿಗಿದಿದೆ. ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ, ಮಗನಿಗೆ ಮದುವೆ ಗೊತ್ತಾದಾಗ ಮೇಲೊಂದು ಮನೆ ಎಂಬ ಆಸೆ ಅದು. ಆ ದಿನ ಬಂದಾಗ ಮೊದಲು ಫೋನು ಹೋಗುವುದು ಮೇಸ್ತ್ರಿಗೆ. ಮಂಜೂರಾದ ನಕ್ಷೆ ಬೀರುವಿನಲ್ಲೇ ಮಲಗಿರುತ್ತದೆ.

ಮನೆಯ ಪ್ರತಿ ಕೆಲಸಕ್ಕೂ ಅನುಮತಿ ಬೇಕಿಲ್ಲ. ಸುಣ್ಣಬಣ್ಣ, ಗಾರೆ, ಹೊಸ ನೆಲಹಾಸು, ಹಂಚು ಬದಲಿಸುವುದು ಇವೆಲ್ಲ ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳಲ್ಲಿ ಪರವಾನಗಿಯ ಹೊರಗಿನ ಕೆಲಸಗಳು. ಕಿಟಕಿಗೂ ವಿನಾಯಿತಿ ಇದೆ, ಅದು ಪಕ್ಕದವರ ಜಾಗದತ್ತ ತೆರೆಯದಿದ್ದರೆ. ನಿಯಮದ ತಿರುಳೆಲ್ಲ ಈ ಒಂದು ಷರತ್ತಿನಲ್ಲಿದೆ. ನಿಮ್ಮ ಗೋಡೆಯೊಳಗೇ ಮುಗಿಯುವ ಕೆಲಸ ನಿಮ್ಮದು. ನೆರೆಯವರ ಗಾಳಿ ಬೆಳಕನ್ನು, ಅಡಿಪಾಯದ ಭಾರವನ್ನು ಮುಟ್ಟುವ ಕೆಲಸಕ್ಕೆ ಊರಿನ ಒಪ್ಪಿಗೆ ಬೇಕು.

ಹೊಸ ಮಹಡಿ, ಸೆಟ್‌ಬ್ಯಾಕಿನಲ್ಲಿ (ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ) ಎಬ್ಬಿಸಿದ ಬಚ್ಚಲುಮನೆ, ಹಾಲ್ ದೊಡ್ಡದು ಮಾಡಲು ಒಡೆದ ಭಾರ ಹೊರುವ ಗೋಡೆ ಈ ಎರಡನೆಯ ಸಾಲಿಗೆ ಸೇರುತ್ತವೆ. 30×40 ಅಡಿಯ ಸೈಟಿನಲ್ಲಿ ಪಕ್ಕಕ್ಕೆ ಬಿಟ್ಟ ಮೂರಡಿ ವ್ಯರ್ಥವೆನಿಸುವುದು ಸಹಜ. ಆದರೆ ಎರಡು ಮನೆಗಳ ಅಡುಗೆಕೋಣೆಗೆ ಬೆಳಕು ಬೀಳುವುದು ಅಲ್ಲಿಂದಲೇ, ಬೆಂಕಿ ಬಿದ್ದರೆ ಓಡುವ ದಾರಿಯೂ ಅದೇ.

ಅಂತಸ್ತಿನ ಲೆಕ್ಕ ಇನ್ನೂ ಕಠಿಣ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು ಕೂಲಿಕಾರ್ಮಿಕರು ಪ್ರಾಣ ಕಳೆದುಕೊಂಡರು. ಅನುಮತಿ ಮೀರಿ ಅಂತಸ್ತು ಏರಿಸಿದ್ದರೆಂದು ಅಧಿಕಾರಿಗಳು ಹೇಳಿದರು. ಕಟ್ಟಿಸುವವರ ಆತುರಕ್ಕೆ ಬೆಲೆ ತೆತ್ತವರು ಇಟ್ಟಿಗೆ ಹೊರುತ್ತಿದ್ದವರು.

ಕಟ್ಟಿಬಿಡೋಣ, ಆಮೇಲೆ ಸಕ್ರಮ ಮಾಡಿಸಿದರಾಯಿತು ಎಂಬ ಧೈರ್ಯಕ್ಕೂ ಈಗ ನೆಲೆಯಿಲ್ಲ. ರಾಜ್ಯದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ, ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದೆಂದಿತು. ಹೊಸ ಮೀಟರಿಗಾಗಿ ಅಲೆದ ಸಾವಿರಾರು ಮಂದಿಗೆ ಆ ಪತ್ರದ ತೂಕ ಆಗ ಅರಿವಾಯಿತು. ಬಳಿಕ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಸರ್ಕಾರ 2025ರಲ್ಲಿ ಓಸಿಯಿಂದ ವಿನಾಯಿತಿ ಕೊಟ್ಟಿತು.

ದಾರಿ ಮೊದಲಿನಷ್ಟು ದುರ್ಗಮವಾಗಿಯೂ ಇಲ್ಲ. 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ ಯೋಜನೆಯಲ್ಲಿ 50×80 ಅಡಿವರೆಗಿನ ಸೈಟಿನ, ನಾಲ್ಕು ಮನೆಗಳವರೆಗಿನ ಕಟ್ಟಡಕ್ಕೆ ನೋಂದಾಯಿತ ವಾಸ್ತುಶಿಲ್ಪಿ ಇಲ್ಲವೇ ಎಂಜಿನಿಯರ್ ಮೂಲಕ ಆನ್‌ಲೈನಿನಲ್ಲೇ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ. ಖಾತಾ, ತೆರಿಗೆ ರಸೀದಿ, ಹಳೆಯ ನಕ್ಷೆ ಮೊದಲೇ ಜೋಡಿಸಿಟ್ಟುಕೊಂಡರೆ ಅರ್ಧ ಓಡಾಟ ಉಳಿಯುತ್ತದೆ.

ಒಳ್ಳೆಯ ಎಂಜಿನಿಯರ್ ಬಂದವರೇ ತಾರಸಿ ಹತ್ತುವುದಿಲ್ಲ. ಪಿಲ್ಲರಿನ ಬುಡದಲ್ಲಿ ಗುಂಡಿ ತೋಡಿಸಿ, ಫುಟಿಂಗ್ ಎಷ್ಟು ಅಗಲವಿದೆ, ಎಷ್ಟು ಆಳವಿದೆ ಎಂದು ಟೇಪು ಹಿಡಿದು ಅಳೆಯುತ್ತಾರೆ. ಮೇಲಿನ ಕಂಬಿಗಳು ಕಾಯಲಿ. ಮೊದಲು ಆ ಗುಂಡಿಯಂಚಿನಲ್ಲಿ ನಕ್ಷೆ ಬಿಚ್ಚಿ ಹಿಡಿದು, ಅವರು ಹೇಳುವ ಅಳತೆಯನ್ನು ಗೆರೆಗೆ ಗೆರೆ ಹೋಲಿಸಿ ನೋಡಿ.